ಪ್ಯಾಂಡಿಮೋನಿಯಮ್ ಎಂಬ ಪದ ಮತ್ತು ಮಾನ್ವಿಯ ಪಾಳಿ ಕಲ್ಲುಗಳು

ಮಾನ್ವಿಯ ಬಟ್ಟೆ ಡಿಪೋದಲ್ಲಿ ನಡೆದ ಸಾವಿನ ಸುದ್ದಿ ನನ್ನ ಕೈಗೆ ಬಂದದ್ದು ತಹಶೀಲ ಕಚೇರಿಯವರು ಟೈಪು ಮಾಡಿ ಕಳಿಸಿದ ಒಂದು ಸರ್ಕಾರಿ ಪ್ರಕಟಣೆಯಾಗಿ. ಯುದ್ಧ ಮುಗಿದಿತ್ತು, ಸರ್ಕಾರವೇ ಡಿಪೋಗಳಲ್ಲಿ ಅಳೆದು ಹಂಚುವ ಬಟ್ಟೆಯ ಕಂಟ್ರೋಲ್ ಮುಗಿದಿರಲಿಲ್ಲ. ನಾನಾಗ ರಾಯಚೂರಿನಲ್ಲಿದ್ದುಕೊಂಡು ದೂರದ ಊರಿನ ಒಂದು ಇಂಗ್ಲಿಷ್ ದಿನಪತ್ರಿಕೆಗೆ ವರದಿ ಕಳಿಸುತ್ತಿದ್ದೆ.

ಪ್ರಕಟಣೆಯಲ್ಲಿದ್ದದ್ದು ಇಷ್ಟು: ದೇವದುರ್ಗದ ಗಡಿಯ ಹಳ್ಳಿಗಳಿಂದ ಬಂದ ಜನ ಶಿಸ್ತು ಮೀರಿ ಡಿಪೋದ ಗೇಟಿನೊಳಗೆ ನುಗ್ಗಿದರು, ಪ್ಯಾಂಡಿಮೋನಿಯಮ್, ಅಂದರೆ ಹುಚ್ಚು ಗದ್ದಲ, ಉಂಟಾಯಿತು, ತುಳಿತಕ್ಕೆ ಸಿಕ್ಕಿ ಒಬ್ಬ ಹೆಂಗಸು ಸತ್ತಳು, ಜನರನ್ನು ಎತ್ತಿಕಟ್ಟಿದವನನ್ನು ಬಂಧಿಸಲಾಗಿದೆ.

ನಾನು ಸ್ಥಳದಲ್ಲಿರಲಿಲ್ಲ. ಕಾಣದ್ದನ್ನು ಕಂಡಂತೆ ಬರೆಯಬಾರದು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಆದ್ದರಿಂದ ಪ್ರತಿ ವಾಕ್ಯಕ್ಕೂ ‘ಎಂದು ಪ್ರಕಟಣೆ ಹೇಳುತ್ತದೆ’ ಎಂಬ ಬಾಲ ಹಚ್ಚಿ, ಹಾಳೆಯ ಒಂದೇ ಮಗ್ಗುಲಿಗೆ ಬರೆದು, ಸಂಜೆಯ ಮೇಲ್ ಗಾಡಿಯ ಅಂಚೆ ಡಬ್ಬಿಯಲ್ಲಿ ಲಕೋಟೆ ಹಾಕಿ ಬಂದೆ. ಪತ್ರಿಕೆ ರಾಯಚೂರಿಗೆ ಬಂದಾಗ ಬಾಲಗಳೆಲ್ಲ ಕತ್ತರಿಸಿ ಹೋಗಿದ್ದವು. ‘ಮಾನ್ವಿಯಲ್ಲಿ ಪ್ಯಾಂಡಿಮೋನಿಯಮ್’ ಎಂಬುದು ದಪ್ಪ ಅಕ್ಷರಗಳಲ್ಲಿ ತಲೆಬರಹವಾಗಿತ್ತು. ಜಾಗ ಸಾಲದಾಗ ಸುದ್ದಿ ತಿದ್ದುವ ಡೆಸ್ಕಿನವರು ಮೊದಲು ತೆಗೆಯುವುದು ಬಾಲಗಳನ್ನೇ.

ಎರಡು ದಿನ ಬಿಟ್ಟು ಒಬ್ಬ ವಕೀಲರು ಮನೆಗೆ ಬಂದರು. ಬಂಧಿತನ ಪರವಾಗಿ ನಿಂತವರು. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತರು.

“ಪೊಲೀಸ್ ಅಮೀನ್ ಸಾಹೇಬರು ನಿಮ್ಮ ಪೇಪರ್ ಕತ್ತರಿಸಿ ಕೇಸಿನ ಫೈಲಿಗೆ ಹಚ್ಯಾರ. ‘ನಾವಷ್ಟೇ ಅಲ್ಲ, ಹೊರಗಿನವರೂ ಹಿಂಗ ಬರದಾರ’ ಅಂತ ತೋರಸ್ತಾರ. ನನ್ನ ಮನಷ್ಯಾ ದೊಂಬಿಯ ಮುಖಂಡ ಅಂತ ಆದ್ರ ವರ್ಷಗಟ್ಟಲೆ ಒಳಗ ಹೋಗ್ತಾನ.”

“ಅದು ತಹಶೀಲ ಕಚೇರಿ ಮಾತು. ನನ್ನದಲ್ಲ,” ಎಂದೆ.

“ಅದು ನಿಮಗ ಗೊತ್ತು, ನನಗ ಗೊತ್ತು. ಪೇಪರಿಗೆ ಗೊತ್ತೇನ್ರೀ?”

ತಿದ್ದುಪಡಿ ಹಾಕಿಸಿರಿ ಎಂದು ಅವರು ಕೇಳಲಿಲ್ಲ. ಕೇಳಿದ್ದರೂ ಡೆಸ್ಕ್ ಒಪ್ಪುತ್ತಿರಲಿಲ್ಲ. ಹೊಸ ಸಂಗತಿ ಇದ್ದರೆ ಮಾತ್ರ ಎರಡನೆಯ ವರದಿ, ಯಾರದೋ ಅಸಮಾಧಾನಕ್ಕೆ ಇಲ್ಲ ಎಂಬುದು ಅಲ್ಲಿನ ನಿಯಮ. ಹೊಸ ಸಂಗತಿ ಇದೆಯೇ ಎಂದು ಕೇಳಿದೆ. “ಅವ ಒಂದ ಮಾತು ಹೇಳ್ತಾನ. ‘ನಾ ಪಾಳಿ ನೋಡಾವ್ರಿ, ಪಾಳಿ ಕೆಡಿಸಿದವರು ಅವರು’ ಅಂತ. ಸಾಲೂ ಇರ್ಲಿಲ್ಲ, ಪಾಳೀನೂ ಇರ್ಲಿಲ್ಲ ಅಂತ ಪೊಲೀಸರು ಅಂತಾರ,” ಎಂದು ಹೇಳಿ ವಕೀಲರು ಎದ್ದರು.

ಆ ಸಂಜೆ ನಾನು ಹೋದದ್ದು ನನಗೆ ಇಂಗ್ಲಿಷ್ ಕಲಿಸಿದ ಮಾಸ್ತರರ ಮನೆಗೆ. ಫೈಲಿನಲ್ಲಿ ಕೂತಿರುವ ಪದದ ಅರ್ಥ ನನಗೆ ಬಳಕೆಯಿಂದ ಗೊತ್ತಿತ್ತೇ ಹೊರತು ಬೇರಿನಿಂದ ಗೊತ್ತಿರಲಿಲ್ಲ. ಸಾಕ್ಷಿಯನ್ನು ವಿಚಾರಿಸುವಂತೆ ಅದನ್ನೂ ವಿಚಾರಿಸಬೇಕು ಅನ್ನಿಸಿತ್ತು. ಮಾಸ್ತರರು ಮಠದಿಂದ ಆಗಷ್ಟೇ ಬಂದು, ಉತ್ತರೀಯ ಮಡಚಿ ಗೂಟಕ್ಕೆ ಹಾಕುತ್ತಿದ್ದರು.

“ಏನೋ, ದೆವ್ವಗಳ ಊರಿನ ವಿಳಾಸ ಕೇಳಾಕ ಬಂದೀಯಾ? ಪೇಪರ್ ನೋಡೀನಿ. ಕೂಡು.”

ಅವರು ಹೇಳಿದ್ದನ್ನು ಇಲ್ಲಿ ಸಂಗ್ರಹಿಸುತ್ತೇನೆ. ಆ ಪದ ಇಂಗ್ಲಿಷಿನ ಜನರ ಬಾಯಲ್ಲಿ ತಾನಾಗಿ ಹುಟ್ಟಿದ್ದಲ್ಲ. ಮುನ್ನೂರು ವರ್ಷಗಳ ಹತ್ತಿರ ಹಿಂದೆ ಒಬ್ಬ ಕವಿ ಅದನ್ನು ಕಟ್ಟಿದ. ಗ್ರೀಕಿನಲ್ಲಿ ‘ಪಾನ್’ ಎಂದರೆ ಎಲ್ಲ. ‘ಡೈಮೋನ್’ ಎಂದರೆ ಭೂತ, ದೈವ. ಅವನ ಕಾವ್ಯದಲ್ಲಿ, ದೇವರ ಮೇಲೆ ದಂಗೆಯೆದ್ದು ಸ್ವರ್ಗದಿಂದ ಬಿದ್ದವರು ನರಕದಲ್ಲಿ ತಮಗಾಗಿ ಒಂದು ರಾಜಧಾನಿ ಕಟ್ಟಿಕೊಳ್ಳುತ್ತಾರೆ. ಅಲ್ಲಿನ ಅರಮನೆಗೆ ಇಟ್ಟ ಹೆಸರು ಅದು, ಸಕಲ ಭೂತಗಳ ಠಾವು.

“ಅಲ್ಲಿ ಗದ್ದಲ ಇತ್ತೇನ್ರೀ?” ಎಂದು ಕೇಳಿದೆ.

“ಅದ ಮಜಾ ಅದ ನೋಡು. ಗದ್ದಲ ಎಲ್ಲೀದು? ಸಭಿ ಇತ್ತು. ಡಂಗುರಾ ಸಾರಿ ಕರದಾರ. ದೊಡ್ಡವರು ಒಳಗ ಕೂತಾರ, ಸಣ್ಣವರು ಜಾಗಾ ಸಾಲದಕ್ಕ ಮೈ ಕುಗ್ಗಿಸ್ಕೊಂಡು ಪಡಸಾಲ್ಯಾಗ ನಿಂತಾರ. ಒಬ್ಬ ಎದ್ದು ಮಾತಾಡಿ ಕೂತ ಮ್ಯಾಲೆ ಇನ್ನೊಬ್ಬ ಎದ್ದಾನ. ನಮ್ಮ ಮುನಸಿಪಾಲ್ಟಿ ಸಭಿಗಿಂತ ಛಲೋ ನಡದದ.”

“ಮತ್ತ ಈಗಿನ ಅರ್ಥ?”

“ಹಿಂದಿನಿಂದ ಬಂದವರು ಹಚ್ಚಿದ್ದು. ಮೊದಲು ಕೆಟ್ಟವರು ಕೂಡೋ ಜಾಗಕ್ಕ ಅಂದ್ರು. ಆಮ್ಯಾಲೆ ಗದ್ದಲದ ಜಾಗಕ್ಕ ಅಂದ್ರು. ಕಡೀಗೆ ಜಾಗಾ ಹೋತು, ಗದ್ದಲ ಉಳೀತು. ದೆವ್ವ ಕೂಡಿದ ಮ್ಯಾಲೆ ಗದ್ದಲ ಇರ್ಲೇಬೇಕಲ್ಲ ಅಂತ ಹೊರಗ ನಿಂತವರ ಲೆಕ್ಕಾಚಾರ.” ಮಾಸ್ತರರು ನಕ್ಕರು. “ನಮ್ಮ ಗೊಂದಲಿಗರನ್ನ ನೋಡು. ದೇವೀನ ಕೂಡಿಸಿ, ದೀವಟಿಗಿ ಹಚ್ಚಿ, ಒಂದು ಕ್ರಮದಾಗ ಹಾಡ್ತಾರ. ಓಣಿ ಆಚೆ ಮಲಗಿದವಗ ಅದು ಬರೇ ಸಂಬಾಳ ಬಡಿಯೋ ಸಪ್ಪಳ.”

ಮನೆಗೆ ನಡೆಯುವಾಗ ನನ್ನ ತಲೆಯಲ್ಲಿದ್ದದ್ದು ಒಂದೇ ಪ್ರಶ್ನೆ. ಮಾನ್ವಿಯ ಡಿಪೋದಲ್ಲಿ ಗದ್ದಲಕ್ಕೆ ಮೊದಲು ಏನಿತ್ತು? ಪ್ರಕಟಣೆ ಗದ್ದಲದಿಂದಲೇ ಶುರುವಾಗುತ್ತಿತ್ತು. ಅದರ ಹಿಂದಿನ ಗಂಟೆಗಳು ಎಲ್ಲಿಯೂ ಇರಲಿಲ್ಲ.

ಮರುದಿನ ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಮಾನ್ವಿಗೆ ಹೊರಟೆ. ಪೆಟ್ರೋಲ್ ಸಿಗದ ಕಾಲ. ಬಸ್ಸಿನ ಹಿಂದೆ ಒಂದು ಒಲೆ, ಏರು ಬಂದಲ್ಲಿ ಎಲ್ಲರೂ ಇಳಿದು ನಡೆಯಬೇಕು. ಮಾನ್ವಿ ಮುಟ್ಟುವ ಹೊತ್ತಿಗೆ ಅಂಗಿಯೆಲ್ಲ ಮಸಿಯಾಗಿತ್ತು.

ಡಿಪೋ ಇದ್ದದ್ದು ಹತ್ತಿ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ. ಮುಂದೆ ಅಂಗಳ, ಅದಕ್ಕೆ ಮಣ್ಣಿನ ಕಂಪೌಂಡು, ಒಂದು ಮರದ ಗೇಟು. ಅದರ ಎದುರಿಗೆ ರಸ್ತೆಯಾಚೆ ಬೇವಿನ ಮರ. ಗೋದಾಮಿಗೆ ಬೀಗ ಬಿದ್ದಿತ್ತು. ಸಾವಾದ ಮೇಲೆ ಬಟ್ಟೆ ಹಂಚಿಕೆ ನಿಂತಿತ್ತು. ಅಂಗಳ ಸ್ವಚ್ಛವಾಗಿತ್ತು, ಗುಡಿಸಿದ ಬರಲು ಪೊರಕೆಯ ಗೆರೆಗಳು ಕೂಡ ಕಾಣುವಷ್ಟು. ನಾನು ಹೆಜ್ಜೆ ಹಾಕಿ ಗೇಟಿನಿಂದ ಬಾಗಿಲವರೆಗಿನ ದೂರ ಅಳೆದುಕೊಂಡೆ, ಗೇಟಿನ ಅಗಲ ನೋಡಿಕೊಂಡೆ, ಒಂದು ನಕ್ಷೆ ಬರೆದುಕೊಂಡೆ. ಗೋದಾಮಿನ ಹಿಂದೆ ಹೋದಾಗ ಗೋಡೆಗೆ ತಾಗಿ ಒಂದು ಗುಡ್ಡೆ ಕಂಡಿತು. ಕಲ್ಲುಗಳು, ಒಂಟಿ ಚಪ್ಪಲಿಗಳು, ತೆಂಗಿನ ಚಿಪ್ಪು, ಮುರಿದ ಕುಡಗೋಲಿನ ಹಿಡಿ, ಒಂದು ಗಂಟು ಹಾಕಿದ ಹಗ್ಗ. ಕಲ್ಲುಗಳಲ್ಲಿ ಒಂದಕ್ಕೆ ಸುಣ್ಣದ ಬೊಟ್ಟು, ಇನ್ನೊಂದಕ್ಕೆ ಕೆಂಪು ದಾರ. ನಡುವೆ ಕಾರ ಅರೆಯುವ ಒಂದು ಗುಂಡುಕಲ್ಲು, ಬಳಸಿ ಬಳಸಿ ಒಂದು ಮಗ್ಗುಲು ಚಪ್ಪಟೆಯಾದದ್ದು. ಅದನ್ನು ಯಾರೂ ಕಸವೆಂದು ಎಸೆಯುವುದಿಲ್ಲ.

“ಇದೇನಪ್ಪಾ?” ಎಂದು ಕಾವಲುಗಾರನನ್ನು ಕೇಳಿದೆ.

“ಕಸಾರೀ. ಮುಂದಿನ ವಾರ ಗ್ವಾಡಿ ಪಾಯಾಕ್ಕ ಹಾಕ್ತಾರಂತ.”

“ಯಾರ ಕಸ?”

ಅವನು ಸುತ್ತ ನೋಡಿದ. “ನೀವ ಸತ್ತಾಕಿ ಊರಿಗೆ ಹೋಗಿ ಕೇಳ್ರಿ. ನನ್ನ ಬಾಯಿಂದ ಬ್ಯಾಡ.”

ಊರು ದೇವದುರ್ಗದ ಸರಹದ್ದಿನಲ್ಲಿತ್ತು. ಒಂದು ಜೋಳದ ಬಂಡಿ ಅರ್ಧ ದಾರಿಗೆ ಸಿಕ್ಕಿತು, ಉಳಿದದ್ದನ್ನು ನಡೆದೆ. ಸತ್ತ ಹೆಂಗಸಿನ ಮನೆ ತೋರಿಸಿದರು. ಕದ ಅರೆ ಮುಚ್ಚಿತ್ತು. ನಾನು ಕಟ್ಟೆಯ ಮೇಲೆ ಕೂತು ಯಾರೆಂದು ಹೇಳಿಕೊಂಡೆ. ಒಳಗಿನಿಂದ ಮಗಳ ದನಿ ಬಂತು.

“ಒಳಗ ಬರಬ್ಯಾಡ್ರೀ ಯಪ್ಪಾ. ನಾ ಕೌದ್ಯಾಗ ಅದೀನಿ.”

ರಾತ್ರಿ ಹೊದೆಯುವ ಕೌದಿಯಲ್ಲಿ ಹಗಲು ಏಕೆ ಎಂದು ನನಗೆ ಕೂಡಲೇ ತಿಳಿಯಲಿಲ್ಲ. ಪಕ್ಕದ ಮನೆಯ ಮುದುಕ ನೆಲ ನೋಡುತ್ತ ನಿಂತಿದ್ದ. ಅವಳೇ ಮುಂದುವರಿಸಿದಳು.

“ಮನ್ಯಾಗ ಇದ್ದದ್ದು ಒಂದ ಸೀರಿ. ನಾ ಉಟ್ಟರ ನಮ್ಮವ್ವ ಒಳಗ, ಆಕಿ ಉಟ್ಟರ ನಾ ಒಳಗ. ಅವತ್ತು ಆಕಿ ಉಟ್ಗೊಂಡು ಹೋದ್ಳು. ಹೊಸಾದು ಬಂದ್ರ ನಿನಗ, ಹಳೇದು ನನಗ ಅಂದಿದ್ಳು. ಸೀರಿ ಆಕಿ ಕೂಡ ಮಣ್ಣಿಗೆ ಹೋತ್ರಿ.”

ನಾನು ಬಂದ ಕೆಲಸದ ಪ್ರಶ್ನೆಯನ್ನೇ ಕೇಳಿದೆ: ಅವ್ವ ಏನಾದರೂ ತೆಗೆದುಕೊಂಡು ಹೋಗಿದ್ದಳೇ?

“ಕಾರ ಅರಿಯೋ ಗುಂಡು ಒಯ್ದಿದ್ಳು, ಪಾಳಿಗಿ ಇಡಾಕ. ಬ್ಯಾರೆ ಕಲ್ಲಾದ್ರ ನಂದು ನಿಂದು ಅಂತಾರ, ಇದಾದ್ರ ಯಾರೂ ಅನ್ನಂಗಿಲ್ಲ ಅಂದ್ಳು.”

ಅಲ್ಲಿಂದ ಮುಂದಿನದನ್ನು ಮುದುಕನೂ ಕಟ್ಟೆಗೆ ಬಂದು ಸೇರಿದ ನಾಲ್ಕಾರು ಮಂದಿಯೂ ಒಬ್ಬರ ಮೇಲೊಬ್ಬರು ಮಾತಾಡಿ ತಿಳಿಸಿದರು. ಬೇಸಿಗೆಯಲ್ಲಿ ಹಳ್ಳ ಬತ್ತಿದಾಗ ಉಸುಕಿನಲ್ಲಿ ವರತಿ ತೋಡುತ್ತಾರೆ. ನೀರು ಜಿನುಗುವುದು ಹನಿಹನಿಯಾಗಿ. ಎಲ್ಲರೂ ಕಾಯುತ್ತ ನಿಂತರೆ ಹೊಲದ ಕೆಲಸ ಕೆಡುತ್ತದೆ. ಆದ್ದರಿಂದ ಕೊಡಗಳನ್ನು ಸಾಲಾಗಿ ಇಟ್ಟು ಹೋಗುತ್ತಾರೆ. ಕೊಡ ನಿಂತಲ್ಲಿ ಅದರ ಒಡತಿ ನಿಂತಂತೆ.

“ಇನ್ನೊಬ್ಬರ ಕೊಡ ಮುಟ್ಟಿದ್ರ ಅವರ ಕೈ ಹಿಡದು ಎಳದಂಗ್ರಿ,” ಎಂದ ಮುದುಕ. “ನನ್ನ ಹೇಂತಿ ಕೊಡ ಒಮ್ಮಿ ನಮ್ಮ ಬೀಗರು ಸರಿಸಿದ್ರು. ಇನ್ನಾ ಮಾತಿಲ್ಲ ನಮಗ ಅವರಿಗೆ.”

“ನಿನ್ನ ಹೇಂತಿ ಜೋಡಿ ಮಾತಾಡೋದು ತಪ್ಪಿತಂತ ಅವರಿಗೆ ಸಂತೋಷ ಆಗಿರ್ಬೇಕು ಬಿಡೋ,” ಎಂದು ಹಿಂದಿನಿಂದ ಒಬ್ಬಳು ಅಂದಳು. ಯಾರೋ ನಕ್ಕು, ಒಳಗಿನ ಕದದ ಕಡೆ ನೋಡಿ ಸುಮ್ಮನಾದರು.

ಬಟ್ಟೆಗೂ ಅದೇ ಕ್ರಮ. ಹಿಂದಿನ ದಿನವೇ ನಡೆದು ಬಂದವರು ಅಂಗಳದಲ್ಲಿ ಗುರುತಿನ ಕಲ್ಲು, ಚಪ್ಪಲಿ, ಚಿಪ್ಪು ಸಾಲಾಗಿಟ್ಟು ಬೇವಿನ ಮರದ ಕೆಳಗೆ ಕೂತಿದ್ದರು. ದನಿ ದೊಡ್ಡದೆಂದು ಒಬ್ಬನನ್ನು ಪಾಳಿ ನೋಡಲು ನೇಮಿಸಿದ್ದರು. ಈಗ ಜೈಲಿನಲ್ಲಿರುವವನು ಅವನೇ. ಬೆಳಿಗ್ಗೆ ಗೇಟು ಮುಚ್ಚಿಕೊಂಡಿತು. ಒಳಗೆ ಗುಡಿಸುವ ಸಪ್ಪಳ ಕೇಳಿತು. ಬಿರುಕಿನಿಂದ ನೋಡಿದ ಪಾಳಿಯವನು “ಪಾಳಿ ತಗದ್ರಲೇ!” ಎಂದು ಕೂಗಿ ಗೇಟು ತಳ್ಳಿದ. ತಮ್ಮ ತಮ್ಮ ಕಲ್ಲು ಉಳಿಸಿಕೊಳ್ಳಲು ಎಲ್ಲರೂ ಒಮ್ಮೆಗೇ ಓಡಿದರು. ಒಳಗಿದ್ದ ಜವಾನರು ಲಾಠಿ ಎತ್ತಿದಾಗ ಮುಂದಿನವರು ಹಿಂದಕ್ಕೆ ತಿರುಗಿದರು. ಹಿಂದಿನವರು ಇನ್ನೂ ಒಳಗೆ ಬರುತ್ತಿದ್ದರು. ಗುಂಡುಕಲ್ಲಿನ ಹೆಂಗಸು ಬಿದ್ದದ್ದು ಆ ಗೇಟಿನ ಅಗಲದಲ್ಲಿ.

ಇದು ಒಂದು ಪಕ್ಷದ ಮಾತು. ಗುಡಿಸಲು ಹೇಳಿದವರು ಯಾರು ಎಂಬುದು ಎದುರು ಪಕ್ಷದ ಬಾಯಿಂದ ಬರಬೇಕಿತ್ತು. ಮಾನ್ವಿಗೆ ಮರಳಿ ತಹಶೀಲ ಕಚೇರಿಯ ಪೇಶ್ಕಾರರನ್ನು ಕಂಡೆ. ರಾಜಧಾನಿಯಿಂದ ಹೊಸದಾಗಿ ವರ್ಗವಾಗಿ ಬಂದ ಗುಮಾಸ್ತ ಅಧಿಕಾರಿ. ಬಟ್ಟೆ ಹಂಚಿಕೆ ಅವರ ಉಸ್ತುವಾರಿಯಲ್ಲಿತ್ತು. ಅವರು ಜಾರಿಕೊಳ್ಳುತ್ತಾರೆಂದು ಪ್ರಶ್ನೆಗಳನ್ನು ಸುತ್ತಿಸಿ ಸಿದ್ಧಮಾಡಿಕೊಂಡಿದ್ದೆ. ಒಂದೂ ಬೇಕಾಗಲಿಲ್ಲ.

“ಬಿಲ್ಕುಲ್ ನಾನೇ ಹೇಳ್ದೆ. ದೊಡ್ಡ ಸಾಹೇಬರು ಡಿಪೋ ನೋಡಾಕ ಮುಲಾಹಿಜಾಕ್ಕ ಬರೋರಿದ್ರು. ಅಂಗಳ ಹೆಂಗಿತ್ತು ಗೊತ್ತೇನ್ರೀ? ಹರಕು ಚಪ್ಪಲ್, ಕಲ್ಲು, ತೆಂಗಿನ ಚಿಪ್ಪು. ಸಾಫ್ ಮಾಡಿಸ್ದೆ. ಸಫಾಯಿ ಮಾಡ್ಸೋದು ಗುನ್ಹೆ ಏನು?”

“ಅವು ಚೆಲ್ಲಾಪಿಲ್ಲಿ ಬಿದ್ದಿದ್ದುವೇ, ಸಾಲಾಗಿದ್ದುವೇ?”

ಅವರು ತುಸು ಯೋಚಿಸಿದರು. ಪ್ರಾಮಾಣಿಕ ಮನುಷ್ಯ. “ಸಾಲಾಗೇ ಇದ್ವು. ಗೇಟಿಂದ ಬಾಗಿಲತನಕ. ಯಾರೋ ಹುಡುಗರು ಆಟಕ್ಕ ಇಟ್ಟಾರ ಅಂದ್ಕೊಂಡೆ.”

ನಾನು ಬರೆದುಕೊಂಡದ್ದನ್ನು ಪದ್ಧತಿಯಂತೆ ಅವರಿಗೆ ಓದಿ ಹೇಳಿದೆ. ಸರಿ ಇದೆ ಎಂದು ತಲೆಯಾಡಿಸಿದರು. ಆಮೇಲೆ ಆ ಸಾಲು ಏನಾಗಿತ್ತು ಎಂಬುದನ್ನು ತಿಳಿಸಿದೆ. ಅವರು ಮಸಿಕುಡಿಕೆಯ ಮುಚ್ಚಳವನ್ನು ತಿರುವಿ ಹಾಕಿದರು. “ನಮ್ಮ ಶಹರದಾಗ ಪಾಳಿಗೆ ಮನುಷ್ಯರು ನಿಲ್ತಾರ್ರೀ,” ಎಂದು ಮಾತ್ರ ಅಂದರು. ಹೇಳಿದ್ದನ್ನು ವಾಪಸ್ಸು ತೆಗೆದುಕೊಳ್ಳಲಿಲ್ಲ.

ರಾಯಚೂರಿಗೆ ಬಂದು ವರದಿ ಬರೆದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದಷ್ಟೇ ಅದರಲ್ಲಿತ್ತು. ಡೆಸ್ಕಿನಿಂದ ತಂತಿ ಬಂತು: ಸುದ್ದಿ ಹಳೆಯದು, ತೀರ್ಪು ಬಂದಾಗ ಕಳಿಸು.

ವಕೀಲರ ಮನೆಗೆ ಹೋಗಿ ವಿಷಯ ತಿಳಿಸಿದೆ. ಅವರು ಪ್ರಶ್ನೆ ಹಾಕುವ ಮೊದಲೇ ಅದು ಏನೆಂದು ನನಗೆ ಗೊತ್ತಿತ್ತು.

“ಊರವರು ಬಾಯಿ ಬಿಟ್ಟರ ‘ನೀವೂ ಅಂಗಳದಾಗ ಇದ್ರಿ’ ಅಂತ ಅವರನ್ನೂ ಒಳಗ ಹಾಕ್ತಾರ. ಕಾವಲುಗಾರ ಹೇಳಂಗಿಲ್ಲ. ಗುಡ್ಡಿ ಪಾಯಾಕ್ಕ ಹೋದ್ರ ಮುಗೀತು. ನೋಡಿದವರು ಅಂತ ಉಳಿದವರು ನೀವೊಬ್ಬರ. ಸಾಕ್ಷಿ ಹೇಳ್ತೀರೇನ್ರೀ?”

ಪತ್ರಿಕೆ ನನಗೆ ಕೊಟ್ಟ ನೇಮಕದ ಕಾಗದದಲ್ಲಿ ಒಂದು ಷರತ್ತಿತ್ತು: ನಮ್ಮ ವರದಿಗಾರರು ತಾವು ವರದಿ ಮಾಡಿದ ಪ್ರಕರಣದಲ್ಲಿ ಯಾರ ಪರವಾಗಿಯೂ ಸಾಕ್ಷಿ ಕಟ್ಟೆ ಹತ್ತಬಾರದು. ಆ ಷರತ್ತು ಸರಿಯಾದದ್ದೆಂದು ನಾನು ನಂಬಿದ್ದೆ, ಈಗಲೂ ನಂಬುತ್ತೇನೆ. ಬರೆಯುವವನು ಒಂದು ಪಕ್ಷಕ್ಕೆ ಸೇರಿದರೆ ಅವನ ಬರಹವನ್ನು ಇನ್ನೊಂದು ಪಕ್ಷ ನಂಬುವುದಿಲ್ಲ. ಆದರೆ ನನ್ನ ಪತ್ರಿಕೆಯ ಕತ್ತರಿಸಿದ ಚೂರು ಆಗಲೇ ಫೈಲಿನಲ್ಲಿ ಸಾಕ್ಷಿ ಹೇಳುತ್ತಿತ್ತು, ಅದೂ ಬಾಲ ಕಳೆದುಕೊಂಡು. ಆ ಬಾಲವನ್ನು ಮತ್ತೆ ಹಚ್ಚಲು ಬೇರೆ ದಾರಿ ಕಾಣಲಿಲ್ಲ. ಮೊದಲು ಪತ್ರಿಕೆಗೆ ಕೆಲಸ ಬಿಟ್ಟ ಕಾಗದ ಹಾಕಿದೆ. ಅದು ತಲುಪಿದ ತಂತಿ ಬಂದ ಮೇಲೆ ವಕೀಲರ ಅರ್ಜಿಯ ಜೊತೆ ನನ್ನ ಪ್ರಮಾಣಪತ್ರಕ್ಕೆ ರುಜು ಮಾಡಿದೆ.

ಮಾನ್ವಿಯ ಕೋರ್ಟಿನಲ್ಲಿ ಮುನ್ಸಿಫ್ ಸಾಹೇಬರು ವಯಸ್ಸಾದವರು, ಮಾತು ಕಡಿಮೆ. ಪಾಳಿ ನೋಡುವವನನ್ನು ನಾನು ಮೊದಲ ಸಲ ಕಂಡದ್ದು ಅಲ್ಲಿಯೇ. ದೊಡ್ಡ ದನಿಯವನೆಂದು ಕೇಳಿದ್ದೆ. ಹೆಸರು ಕೇಳಿದರೆ ಎರಡನೆಯ ಸಲಕ್ಕೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ.

ಸರ್ಕಾರದ ವಕೀಲರು ಪತ್ರಿಕೆಯ ಚೂರನ್ನು ಎತ್ತಿ ಹಿಡಿದರು. “ಇದು ನಿಮ್ಮ ಪತ್ರಿಕೆ ಹೌದಲ್ಲೋ? ‘ಪ್ಯಾಂಡಿಮೋನಿಯಮ್’ ಅಂತ ಬರದದ. ಓದ್ರಿ.”

“ಆ ಪದ ತಹಶೀಲ ಕಚೇರಿಯ ಪ್ರಕಟಣೆಯದು. ನಾನು ಅಂದು ಅಲ್ಲಿರಲಿಲ್ಲ. ನಾನು ಕಂಡದ್ದನ್ನು ಹೇಳುತ್ತೇನೆ,” ಎಂದೆ. ಗುಡ್ಡೆ, ಅದರಲ್ಲಿದ್ದ ವಸ್ತುಗಳು, ಪೇಶ್ಕಾರರಿಗೆ ಓದಿ ಹೇಳಿ ಒಪ್ಪಿಸಿಕೊಂಡ ಅವರ ಮಾತು, ಇಷ್ಟನ್ನು ಹೇಳಿ ನಿಲ್ಲಿಸಿದೆ. ಪೇಶ್ಕಾರರು ಅಲ್ಲಿಯೇ ಕೂತಿದ್ದರು. ಮುನ್ಸಿಫರು ಅವರ ಕಡೆ ನೋಡಿದಾಗ ಎದ್ದು, “ಸಹೀ ಹೈ” ಎಂದರು.

“ಆ ಕಲ್ಲು ಇನ್ನೂ ಅವೆಯೇನು?” ಎಂದು ಮುನ್ಸಿಫರು ಕೇಳಿದರು.

“ಅರ್ಜಿ ಹಾಕಿದ ದಿನ ಹೋಗಿ ನೋಡಿದ್ದೆ, ಇದ್ದವು.”

ಅವರು ರುಮಾಲು ಸರಿಮಾಡಿಕೊಂಡು ಎದ್ದರು. ಕೋರ್ಟು ಇದ್ದಕ್ಕಿದ್ದಂತೆ ರಸ್ತೆಗಿಳಿದು ಡಿಪೋದ ಕಡೆ ನಡೆಯಿತು. ಕೋರ್ಟಿನ ಹೊರಗೆ ಕೂತಿದ್ದ ಊರವರು ದೂರದಿಂದ ಹಿಂಬಾಲಿಸಿದರು. ಪಾಯದ ಕೆಲಸ ಇನ್ನೂ ಶುರುವಾಗಿರಲಿಲ್ಲ, ಗುಡ್ಡೆ ಇತ್ತು. ಜವಾನರು ಅದನ್ನು ಬುಟ್ಟಿಗಳಲ್ಲಿ ತಂದು ಅಂಗಳದ ನಡುವೆ ಸುರಿದರು. ಇಂದು ತಮ್ಮ ಗುರುತು ತೋರಿಸಿದ್ದಕ್ಕೆ ಯಾರ ಮೇಲೂ ಕೇಸಿಲ್ಲ ಎಂದು ಮುನ್ಸಿಫರು ಎಲ್ಲರಿಗೂ ಕೇಳುವಂತೆ ಎರಡು ಸಲ ಹೇಳಿ, “ನಿಮ್ಮ ನಿಮ್ಮದು ತಗೊಂಡು ಅವತ್ತು ಹೆಂಗಿದ್ವೋ ಹಂಗ ಇಡ್ರಿ” ಎಂದರು. ಪಾಳಿ ನೋಡುವವನನ್ನು ಪೊಲೀಸರು ಗೋಡೆಯ ಬಳಿ ನಿಲ್ಲಿಸಿದರು. ಅವನು ಬಾಯಿ ತೆರೆಯಬಾರದೆಂದು ಆಜ್ಞೆಯಾಯಿತು.

ಮೊದಲು ಯಾರೂ ಅಲುಗಲಿಲ್ಲ. ಆಮೇಲೆ ಒಬ್ಬ ಬಂದು ಸುಣ್ಣದ ಬೊಟ್ಟಿನ ಕಲ್ಲನ್ನು ಎತ್ತಿ ಬಾಗಿಲ ಬುಡಕ್ಕೆ ಇಟ್ಟ. ಅವನ ಹಿಂದೆ ಇನ್ನೊಬ್ಬ. ನಡುವೆ ಇಬ್ಬರು ಹೆಂಗಸರು, ಒಬ್ಬಳು ಚಿಪ್ಪಿನವಳು, ಇನ್ನೊಬ್ಬಳು ಚಪ್ಪಲಿಯವಳು, ಜಗಳಕ್ಕೆ ನಿಂತರು.

“ನನ್ನ ಚಿಪ್ಪಿನ ಹಿಂದ ಇತ್ತು ನಿನ್ನ ಕೆರ.”

“ಸುಳ್ಳ್ಯಾಕ ಹೇಳ್ತಿ ಬೇ? ಸಂಜಿಗೆ ನನ್ನ ಬುತ್ತಿ ಉಂಡಿ, ಆವಾಗ ಯಾರ ಹಿಂದ ಯಾರು ಕುಂತಿದ್ರು ನೆನಸ್ಕೋ.”

ಚಿಪ್ಪಿನವಳು ನೆನೆಸಿಕೊಂಡಳು. ತಾನಾಗಿ ಒಂದು ಮೊಳ ಹಿಂದೆ ಸರಿದಳು. ಸರ್ಕಾರದ ವಕೀಲರೂ ಕತ್ತು ಚಾಚಿ ನೋಡುತ್ತಿದ್ದರು.

ಸಾಲು ಬಾಗಿಲಿನಿಂದ ಗೇಟಿನವರೆಗೆ ಬೆಳೆಯಿತು. ಬಾಗಿಲಿಗೆ ಹತ್ತಿರದಲ್ಲಿ ಒಂದೆಡೆ ಮಾತ್ರ ಒಂದು ಕಲ್ಲಿಡುವಷ್ಟು ಜಾಗ ಖಾಲಿ ಉಳಿದಿತ್ತು. ಅದರ ಹಿಂದಿನವನು ಕೆಂಪು ದಾರದ ಕಲ್ಲನ್ನು ಇಟ್ಟಾಗಲೇ ಆ ಜಾಗ ಬಿಟ್ಟಿದ್ದ. ಅಂಗಳದ ನಡುವೆ ಗುಡ್ಡೆ ಕರಗಿ, ಗುಂಡುಕಲ್ಲು ಒಂದೇ ಬಿದ್ದಿತ್ತು.

“ಅಲ್ಲಿ ಯಾಕ ಬಿಟ್ಟೀರಿ? ಮುಂದ ಸರೀರಿ,” ಎಂದರು ಮುನ್ಸಿಫರು.

ಯಾರೂ ಸರಿಯಲಿಲ್ಲ. ಕೆಂಪು ದಾರದವನು ಗೋಡೆಯ ಕಡೆ ನೋಡಿದ. ಮುನ್ಸಿಫರು ಆ ನೋಟವನ್ನು ಹಿಂಬಾಲಿಸಿ ಪಾಳಿ ನೋಡುವವನಿಗೆ ಮಾತಾಡಲು ಸನ್ನೆ ಮಾಡಿದರು.

“ಅದು ಸತ್ತಾಕೀದ್ರೀ,” ಎಂದ ಅವನು.

ಮುನ್ಸಿಫರು ಸಾಲಿನ ಉದ್ದಕ್ಕೂ ಒಮ್ಮೆ ನಡೆದು ಬಂದರು. ನಿಂತಲ್ಲೇ ಗುಮಾಸ್ತನಿಂದ ಬರೆಸಿದರು: ಅಂಗಳದಲ್ಲಿ ಪಾಳಿ ಇತ್ತು, ಗೇಟು ಮುಚ್ಚಿ ಅದನ್ನು ತೆಗೆಸಲಾಯಿತು, ಜನ ಓಡಿದ್ದು ಆಮೇಲೆ. ದೊಂಬಿಯ ಆರೋಪ ನಿಲ್ಲುವುದಿಲ್ಲ, ಬಂಧಿತನನ್ನು ಬಿಡತಕ್ಕದ್ದು. ಗದ್ದಲಕ್ಕೆ ಯಾವ ಭಾಷೆಯ ಯಾವ ಪದವನ್ನೂ ಅವರು ಬಳಸಲಿಲ್ಲ. ಅಂದು ನಾನು ಯಾವ ಪತ್ರಿಕೆಯವನೂ ಆಗಿರಲಿಲ್ಲ. ಆದರೂ ಬರೆದುಕೊಂಡೆ.

ಪೊಲೀಸರು ಕೈ ಬಿಟ್ಟ ಮೇಲೆ ಪಾಳಿ ನೋಡುವವನು ಅಂಗಳದ ನಡುವೆ ಬಂದು ಗುಂಡುಕಲ್ಲನ್ನು ಎತ್ತಿಕೊಂಡು, ಪಂಚೆಯ ಸೆರಗಿನಿಂದ ಮಣ್ಣು ಒರೆಸಿದ. ಈಗ ಅದು ಕೋರ್ಟಿನ ಮಾಲು, ಮುಟ್ಟಬಾರದೆಂದು ಜವಾನನೊಬ್ಬ ಗದರಿದ. ಅವನು ಮುನ್ಸಿಫರ ಕಡೆ ತಿರುಗಿದ.

“ಇದೊಂದು ಇಲ್ಲೇ ಇರಲಿ ಬಿಡ್ರೀ ಸಾಹೇಬ್ರ. ಡಿಪೋ ಬಾಗಲಾ ತಗದಾಗ ಆಕಿ ಮಗಳಿಗೆ ನಾ ಸೀರಿ ಒಯ್ಯಬೇಕು. ಪಾಳಿ ಇನ್ನಾ ಮುಗಿದಿಲ್ಲ.”

ಮುನ್ಸಿಫರು ತಲೆಯಾಡಿಸಿದರು. ಅವನು ಹೋಗಿ, ಎರಡು ಕಲ್ಲುಗಳ ನಡುವೆ ಬಿಟ್ಟಿದ್ದ ಜಾಗದಲ್ಲಿ ಅದನ್ನು ಇಟ್ಟ.